ತುದಿಯ ಕೋಣೆಗೆ ಬಾರದ ಬಿಸಿ

ಇಡಗುಂಜಿ ಕಡೆಯವರಿಗೆ ಚಳಿಯ ಬಗ್ಗೆ ಮಾತಾಡೋ ಅಧಿಕಾರವೇ ಇಲ್ಲ ಅಂತ ನಮ್ಮ ಶಿರಸಿ ನೆಂಟರು ಹೇಳೋದುಂಟು. ಸುಳ್ಳೇನಲ್ಲ. ನಮ್ಮಲ್ಲಿ ಚಳಿಗಾಲ ಅಂದ್ರೆ ಬೆಳಗಿನ ಜಾವ ಒಂದು ಕಂಬಳಿ, ಎದ್ದ ಮೇಲೆ ಬಚ್ಚಲೊಲೆ ಮುಂದೆ ಹತ್ತು ನಿಮಿಷ. ಒಣಗಿದ ಸೋಗೆ, ತೆಂಗಿನ ಸಿಪ್ಪೆ ಒಟ್ಟಿದ್ರೆ ಹಂಡೆ ಕಾಯ್ತದೆ, ಜೊತೆಗೆ ಮನುಷ್ಯನೂ ಕಾಯ್ತಾನೆ. ಇಡೀ ಮನೆ ಕಾಯಿಸ್ಬೇಕು ಅಂತ ಯಾರಾದ್ರೂ ಹೇಳಿದ್ರೆ ನಮ್ಮೂರಲ್ಲಿ ನಗ್ತಿದ್ರು.

ಇಂಗ್ಲೆಂಡಿನಲ್ಲಿ ಆ ನಗು ನಿಂತುಹೋಗ್ತದೆ. ಇಲ್ಲಿ ಮನೆ ಕಾಯಿಸೋ ವ್ಯವಸ್ಥೆ ಅಂದ್ರೆ, ನೋಡಿ, ಕಾಲು ಬಂದ ಹಂಡೆ. ಅಡುಗೆಮನೆ ಗೋಡೆಗೆ ಒಂದು ಗ್ಯಾಸ್ ಬಾಯ್ಲರ್. ಅದರಲ್ಲಿ ಕಾದ ನೀರನ್ನು ಒಂದು ಪಂಪು ಪೈಪಿನಲ್ಲಿ ದೂಡ್ತದೆ. ಪ್ರತಿ ಕೋಣೆಯ ಕಿಟಕಿ ಕೆಳಗೂ ಒಂದು ಚಪ್ಪಟೆ ಕಬ್ಬಿಣದ ರೇಡಿಯೇಟರ್. ನೀರು ಒಂದು ಕಡೆಯಿಂದ ಹೊಕ್ಕು, ಬಿಸಿ ಬಿಟ್ಟು, ಇನ್ನೊಂದು ಕಡೆಯಿಂದ ಬಾಯ್ಲರಿಗೆ ವಾಪಸ್. ಇದು ಇಲ್ಲಿನವರಿಗೂ ಅನಾದಿ ಕಾಲದ್ದಲ್ಲ. 1970ರ ಹೊತ್ತಿಗೆ ಹೆಚ್ಚುಕಡಿಮೆ ಮೂರರಲ್ಲಿ ಒಂದು ಮನೆಗಷ್ಟೇ ಇಂಥ ವ್ಯವಸ್ಥೆ ಇತ್ತು. ಉಳಿದವರೂ ನಮ್ಮ ಹಾಗೇ ಒಂದು ಬೆಂಕಿಯ ಸುತ್ತ ಕೂರ್ತಿದ್ದವರೇ.

ಆಯಿ ಮೊದಲ ಸಲ ನಮ್ಮನೆಗೆ ಬಂದದ್ದು ಒಂದು ಡಿಸೆಂಬರಿನಲ್ಲಿ. ಎಪ್ಪತ್ತೆರಡು ವರ್ಷ, ಎರಡೂ ಮಂಡಿ ನೋವು. ಮಹಡಿಯ ಹಿಂದಿನ ಸಣ್ಣ ಕೋಣೆ ಅವಳಿಗೆ. ಚಳಿ ಆಗ್ತದಾ ಅಂತ ಕೇಳಿದಾಗೆಲ್ಲ ಒಂದೇ ಉತ್ತರ: “ಇಲ್ಲೆ ಮಾಣಿ, ಎಂತ ಚಳಿನೂ ಇಲ್ಲೆ, ನೀ ಹೋಗಿ ಮಲಗು.” ಮೂರನೇ ದಿನ ಮಗಳ ಕೋಣೆಯ ಥರ್ಮಾಮೀಟರನ್ನು ಅಲ್ಲಿ ಇಟ್ಟು ನೋಡಿದೆ. 14 ಡಿಗ್ರಿ. ಚಳಿ ದೇಶಗಳಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರ್ಬೇಕು, ವಯಸ್ಸಾದವರಿಗೆ ಇನ್ನೂ ಸ್ವಲ್ಪ ಹೆಚ್ಚೇ ಬೇಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ತಣ್ಣಗಿನ ಕೋಣೆಯಲ್ಲಿ ರಕ್ತದೊತ್ತಡ ಏರ್ತದೆ, ಎದೆಗೆ ಕಫ ಕಟ್ತದೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿ ಮುಗಿಸೋ ವಿಷಯ ಅಲ್ಲ ಅದು.

ರಿಪೇರಿಯವನೊಬ್ಬ ಬಂದ. ಐದು ನಿಮಿಷ ನೋಡಿ, ಇಡೀ ವ್ಯವಸ್ಥೆಯನ್ನೇ ಯಂತ್ರ ಹಾಕಿ ತೊಳೀಬೇಕು, ಆರುನೂರು ಪೌಂಡು ಅಂದ. ಯೋಚಿಸ್ತೇನೆ ಅಂತ ಕಳಿಸಿದೆ.

ಬಾಯ್ಲರಿನ ಹೊದಿಕೆ ತೆಗೆಯೋ ಕೆಲಸ ಮನೆಯವರದ್ದಲ್ಲ. ಇಲ್ಲಿ ಗ್ಯಾಸಿನ ಕೆಲಸಕ್ಕೆ ನೋಂದಾಯಿತರೇ ಬರ್ಬೇಕು, ಕಾನೂನು. ಆದ್ರೆ ರೇಡಿಯೇಟರು ಬರೀ ನೀರಿನ ವ್ಯವಹಾರ. ನೀರಿನ ವ್ಯವಹಾರ ನಮಗೆ ಹೊಸತಲ್ಲವಲ್ಲ! ಗುಡ್ಡದ ಒರತೆಯಿಂದ ತೋಟಕ್ಕೆ, ಮನೆಗೆ ನೀರು ತರೋದು ನಾವು ಹುಟ್ಟಿದಾಗಿಂದ ನೋಡಿದ್ದು. ಅಜ್ಜನ ಕಾಲದಲ್ಲಿ ಅಡಕೆ ದಬ್ಬೆ, ಅಪ್ಪಯ್ಯನ ಕಾಲಕ್ಕೆ ಕಪ್ಪು ಪೈಪು.

ತಣ್ಣಗಿರೋ ರೇಡಿಯೇಟರಿಗೆ ಮೊದಲು ಕೈ ಇಟ್ಟು ನೋಡ್ಬೇಕು. ಎಲ್ಲಿ ತಣ್ಣಗಿದೆ ಅನ್ನೋದರಲ್ಲೇ ಅರ್ಧ ಉತ್ತರ ಇದೆ. ಕೆಳಗೆ ಬಿಸಿ, ಮೇಲೆ ತಣ್ಣಗೆ ಅಂದ್ರೆ ಗಾಳಿ ಸೇರಿದೆ. ಮೇಲೆ ಬಿಸಿ, ಕೆಳಗೆ ನಡುವಲ್ಲಿ ತಣ್ಣಗೆ ಅಂದ್ರೆ ಕಬ್ಬಿಣ ತುಕ್ಕು ಹಿಡಿದು ಕಪ್ಪು ಕೆಸರು ಕೂತಿದೆ. ಆಗ ಮಾತ್ರ ತೊಳೆಯೋ ಮಾತು. ಪೂರ್ತಿ ತಣ್ಣಗೆ ಅಂದ್ರೆ ನೀರೇ ಬರ್ತಿಲ್ಲ.

ಮಗಳ ಕೋಣೆಯದ್ದು ಗಾಳಿಯ ಕೇಸು. ಬಿಸಿ ನಿಲ್ಲಿಸಿ, ರೇಡಿಯೇಟರ್ ತಣಿದ ಮೇಲೆ, ಮೇಲಿನ ಮೂಲೆಯ ಸಣ್ಣ ತಿರುಪನ್ನು ಕೀಲಿಯಿಂದ ಅರ್ಧ ಸುತ್ತು ತಿರುಗಿಸಿದೆ. ಸುಸ್ಸ್ ಅಂತ ಗಾಳಿ, ಆಮೇಲೆ ಹನಿ ನೀರು. ಬಾಗಿಲಲ್ಲಿ ನಿಂತಿದ್ದ ಆಯಿಯ ಮುಖ ಅರಳಿತು. “ಇದು ನಮ್ಮ ಪೈಪಿನ ಕಥೆನೇಯ!” ಹೌದು. ಒರತೆಯ ಪೈಪು ದರೆ ಹತ್ತಿ ಇಳಿಯೋ ಉಬ್ಬಿನಲ್ಲಿ ಗಾಳಿ ಕೂತ್ರೆ ನೀರು ನಿಂತೇಹೋಗ್ತದೆ. ಅಪ್ಪಯ್ಯ ಅಲ್ಲಿ ಸೂಜಿಯಲ್ಲಿ ತೂತು ಮಾಡಿ ಗಾಳಿ ಬಿಟ್ಟು, ಕಡ್ಡಿ ತುರುಕ್ತಿದ್ದ. ಗಾಳಿ ಬಿಟ್ಟ ಮೇಲೆ ಒತ್ತಡ ಇಳಿದಿರ್ತದೆ. ಬಾಯ್ಲರಿನ ಮುಳ್ಳು ನೋಡಿ, ತಣ್ಣಗಿದ್ದಾಗ 1ರಿಂದ 1.5 ಬಾರ್ ನಡುವೆ ಬರೋ ತನಕ ನೀರು ತುಂಬ್ಬೇಕು. ಇಷ್ಟೇ.

ಆಯಿಯ ಕೋಣೆಯದ್ದು ಪೂರ್ತಿ ತಣ್ಣಗಿನ ಕೇಸು. ಗಾಳಿ ಇರಲಿಲ್ಲ, ತಿರುಪು ಬಿಟ್ಟ ಕೂಡಲೇ ನೀರೇ ಬಂತು. ಒಂದು ಬದಿಯ ಥರ್ಮೋಸ್ಟ್ಯಾಟಿಕ್ ವಾಲ್ವಿನ ತಲೆ ಬಿಚ್ಚಿದ್ರೆ ಒಳಗೊಂದು ಸಣ್ಣ ಪಿನ್ನು. ಬೇಸಗೆಯಿಡೀ ಒತ್ತಿಕೊಂಡೇ ಇದ್ದು ಎಷ್ಟೋ ಸಲ ಅದು ಅಲ್ಲೇ ಅಂಟಿಬಿಡ್ತದೆ. ಎಳೀಬಾರದು, ಮೆಲ್ಲಗೆ ಒತ್ತಿ ಬಿಡ್ಬೇಕು. ಒತ್ತಿದೆ, ಮೇಲೆ ಬಂತು. ರೇಡಿಯೇಟರ್ ಉಗುರುಬೆಚ್ಚಗಾಯ್ತು. ಅಷ್ಟಕ್ಕೇ ನಿಂತಿತು.

ಉಳಿದ ಏಳನ್ನೂ ಮುಚ್ಚಿ ನೋಡಿದೆ. ಕಾಲು ಗಂಟೆಯಲ್ಲಿ ಆಯಿಯದ್ದು ಕೈ ಇಡೋಕಾಗದಷ್ಟು ಬಿಸಿ! ಅಂದ್ರೆ ಪೈಪು ಕಟ್ಟಿಲ್ಲ, ಕೆಸರೂ ಇಲ್ಲ. ಬೇರೆಯವು ತೆರೆದಿದ್ದಾಗ ಇದಕ್ಕೆ ಪಾಲು ಬರ್ತಿಲ್ಲ, ಅಷ್ಟೇ. ಇದನ್ನು ಆಯಿಗೆ ವಿವರಿಸೋಕೆ ಹೊರಟೆ. ಅವಳು ಅರ್ಧಕ್ಕೇ ತಡೆದಳು. “ಮೇಲಿನ ತೋಟದವು ಪೂರ್ತಿ ತಿರುಗ್ಸ್ಕಂಡ್ರೆ ಕೊನೆಯಂವಂಗೆ ನೀರು ಎಲ್ಲಿಂದ ಬತ್ತು?”

ನೀರು ಸುಲಭದ ದಾರಿ ಹುಡುಕ್ತದೆ. ಬಾಯ್ಲರಿಗೆ ಹತ್ತಿರದ ಅಡುಗೆಮನೆ, ಪಡಸಾಲೆ ದಾಟಿ ತುದಿಗೆ ಹೋಗೋ ಉಸಾಬರಿ ಅದಕ್ಯಾಕೆ? ಇನ್ನೊಂದು ತಮಾಷೆ: ಮನೆಯ ಥರ್ಮೋಸ್ಟಾಟ್ ಇರೋದು ಪಡಸಾಲೆಯಲ್ಲಿ, ಅತಿ ಬಿಸಿ ರೇಡಿಯೇಟರಿನ ಪಕ್ಕದಲ್ಲೇ. ಅಲ್ಲಿ 20 ಡಿಗ್ರಿ ಆದ ಕೂಡಲೇ ಅದು ಮನೆಯೆಲ್ಲ ಬೆಚ್ಚಗಾಯ್ತು ಅಂತ ಬಾಯ್ಲರ್ ನಿಲ್ಲಿಸ್ತದೆ. ತುದಿಯ ಕೋಣೆಯನ್ನು ಕೇಳೋರು ಯಾರೂ ಇಲ್ಲ. ಕೇಳಿದ್ರೂ ಅಲ್ಲಿಂದ “ಎಂತ ಚಳಿನೂ ಇಲ್ಲೆ” ಅಂತ ಉತ್ತರ.

ಪರಿಹಾರಕ್ಕೆ ಬೇಕಾದದ್ದು ಒಂದು ಸ್ಪ್ಯಾನರು, ಒಂದು ಭಾನುವಾರ. ಪ್ರತಿ ರೇಡಿಯೇಟರಿನ ಇನ್ನೊಂದು ಬದಿಯಲ್ಲಿ ಟೊಪ್ಪಿ ಹಾಕಿದ ಒಂದು ವಾಲ್ವ್ ಇರ್ತದೆ, ಲಾಕ್‌ಶೀಲ್ಡ್ ಅಂತ. ಬಾಯ್ಲರಿಗೆ ಹತ್ತಿರದವನ್ನು ಕಾಲು ಸುತ್ತು, ಅರ್ಧ ಸುತ್ತಷ್ಟೇ ತೆರೆದಿಡೋದು, ದೂರ ಹೋದ ಹಾಗೆ ಹೆಚ್ಚು, ತುದಿಯದ್ದನ್ನು ಪೂರ್ತಿ. ಪ್ರತಿ ಸಲ ತಿರುಗಿಸಿದ ಮೇಲೆ ಕಾಯ್ಬೇಕು, ಕೈ ಇಟ್ಟು ನೋಡ್ಬೇಕು, ಎಷ್ಟು ಸುತ್ತು ಅಂತ ಚೀಟಿಯಲ್ಲಿ ಬರ್ಕೊಳ್ಬೇಕು. ನಮ್ಮ ಚೀಟಿ ಬರೆದದ್ದು ಆಯಿ, ಮನೆ ಲೆಕ್ಕದ ಪುಸ್ತಕ ಬರೆಯೋ ಅದೇ ದುಂಡು ಅಕ್ಷರದಲ್ಲಿ. ಅವಳು ಕೋಣೆ ಕೋಣೆಗೆ ಹೋಗಿ ಕೈ ಇಡ್ತಾ “ಇವಂಗೆ ಸಾಕು, ಅವಂಗೆ ಇನ್ನೊಂಚೂರು” ಅಂತ ಹೇಳ್ತಾ ಹೋದಳು. ನಾನು ಸ್ಪ್ಯಾನರ್ ತಿರುಗಿಸೋ ಆಳು.

ಸಂಜೆಗೆ ಹಿಂದಿನ ಕೋಣೆ 19 ಡಿಗ್ರಿ. ಪಡಸಾಲೆಯಲ್ಲಿ ಮೊದಲಿನ ಸೆಕೆ ಇಲ್ಲ, ಆದ್ರೆ ಯಾರಿಗೂ ಕಡಿಮೆ ಬಿದ್ದಿಲ್ಲ. ಹೆಚ್ಚು ಗ್ಯಾಸು ಉರಿಸಲಿಲ್ಲ, ಹೊಸದೇನೂ ಕೊಳ್ಳಲಿಲ್ಲ. ಹತ್ತಿರದವರ ಬಾಯಿ ಸ್ವಲ್ಪ ಕಿರಿದು ಮಾಡಿದ್ದು, ಅಷ್ಟೇ.

ಆಯಿ ಮಾರ್ಚಿಗೆ ಊರಿಗೆ ಹೋದಳು. ಚೀಟಿ ಈಗಲೂ ಬಾಯ್ಲರ್ ಪಕ್ಕದ ಗೋಡೆಯಲ್ಲಿದೆ. ನಿಮ್ಮನೆಗೂ ಚಳಿಯಲ್ಲಿ ಊರಿಂದ ಹಿರಿಯರು ಬಂದ್ರೆ, ಚಳಿ ಆಗ್ತದಾ ಅಂತ ಕೇಳ್ಬೇಡಿ. ಕೋಣೆಗೆ ಹೋಗಿ ರೇಡಿಯೇಟರಿನ ಮೇಲೆ ಕೈ ಇಟ್ಟು ನೋಡಿ.