ಪರರ ಮನೆಯವರನ್ನು ಕರೆಯುವ ಬಗೆ

ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ, ಮಗ್ಗಗಳ ಸಪ್ಪಳದ ನಡುವೆ ಒಂದು ಮನೆಯ ಬಾಗಿಲಲ್ಲಿ ನಿಂತರೆ, "ಯಜಮಾನ್ರು ಅದಾರೇನ್ರಿ?" ಎಂದು ಕೇಳಬೇಕು. ಗೃಹಸ್ಥನ ಹೆಸರು ಹಿಡಿದು ಕೇಳುವದು ಒರಟುತನವೆನಿಸುವದು. ಪರರ ತಾಯಿ 'ಅವ್ವಾರು', ಅಕ್ಕ 'ಅಕ್ಕಾರು'. ಜಮಖಂಡಿಯಲ್ಲಿ ಪಟವರ್ಧನರೂ ಮುಧೋಳದಲ್ಲಿ ಘೋರ್ಪಡೆಯವರೂ 1948ರ ವಿಲೀನೀಕರಣದ ವರೆಗೆ ಆಳಿದರು. ಮರಾಠಿಯ ನೆರೆಯಂತೂ ಮೊದಲಿನಿಂದಲೂ ಇದ್ದದ್ದೇ. ಹೀಗಾಗಿ ಕಾಕಾ, ಮಾಮಾ, ವೈನಿ ಎಂಬ ಶಬ್ದಗಳು ಇಲ್ಲಿ ಕನ್ನಡದ 'ರು' ತೊಟ್ಟು ಕಾಕಾರು, ಮಾಮಾರು, ವೈನ್ಯಾರು ಆಗಿ ನಿಂತಿವೆ. ಬೀಳಗಿಯ ಸಂತೆಯಲ್ಲಿ ಗುರುತಿಲ್ಲದವಳೂ 'ಯವ್ವಾ', 'ತಂಗೀ' ಎನ್ನಿಸಿಕೊಳ್ಳುವಳು.

ತನ್ನವರಿಗೊಂದು, ಪರರವರಿಗೊಂದು ಮಾತೆಂಬ ಪದ್ಧತಿ ದೂರದ ಜಪಾನದಲ್ಲಿಯೂ ಉಂಟು. ಅಲ್ಲಿ ಹೊರಗಿನವರೆದುರು ತನ್ನ ತಂದೆ 'ಚಿಚಿ', ಪರರ ತಂದೆ 'ಓತೋಸಾನ್'. ತನ್ನ ಹೆಂಡತಿಯನ್ನು 'ಕನಾಯ್' ಎನ್ನುವ ರೂಢಿಯಿದೆ. ಮನೆಯ ಒಳಗು ಎಂದು ಅದರ ಅರ್ಥ. ಪರರ ಹೆಂಡತಿ 'ಓಕುಸಾನ್'. ಅಲ್ಲಿಯ 'ಓಕು' ಎಂದರೂ ಒಳಭಾಗವೇ. ನಮ್ಮ ಕಡೆಯ 'ನಮ್ಮ ಮನ್ಯಾಕಿ', 'ನಿಮ್ಮ ಮನಿಯವ್ರು' ಎಂಬ ಜೋಡಿಗೆ ಇದಕ್ಕಿಂತ ಹತ್ತಿರದ ಬಂಧು ಸಿಕ್ಕುವದು ಕಷ್ಟ! ಭೇದವೂ ಇದೆ. ಜಪಾನೀಯನು ಅತಿಥಿಯೆದುರು ತನ್ನ ತಂದೆಯ ವಿಷಯದಲ್ಲಿಯೂ ಗೌರವದ ಮಾತನ್ನು ಬಿಡುವನು; ನಾವು 'ನಮ್ಮ ತಂದೆಯವರು' ಎಂದೇ ಹೇಳುವೆವು. ತಾಯಿಯ ಮಾತು ಬಂದಾಗ ಮಾತ್ರ 'ಅವ್ವ ಬಂದಾಳ' ಎಂದು ಏಕವಚನ. ಸಲಿಗೆಯ ಹೆಸರಿನಲ್ಲಿ ಇದನ್ನು ಸಮರ್ಥಿಸುವದುಂಟು. ತಂದೆಯೊಡನೆ ಆ ಸಲಿಗೆ ಏಕಿಲ್ಲವೆಂಬುದು ನನಗಿನ್ನೂ ತಿಳಿದಿಲ್ಲ.

ಸಂಸ್ಕೃತ ನಾಟಕಗಳಲ್ಲಿ ಎದುರಿಗಿರುವ ಪೂಜ್ಯಳು 'ಅತ್ರಭವತೀ', ಎದುರಿಗಿಲ್ಲದವಳು 'ತತ್ರಭವತೀ'. ಇಲ್ಲದವಳಿಗೂ ಗೌರವ ತಪ್ಪದು. ನಮ್ಮಲ್ಲಿ ಅದು ತಪ್ಪುವದು ಬಡವರ ಮನೆಯವರ ವಿಷಯದಲ್ಲಿ. ಸಾಹುಕಾರರ ಮಗನನ್ನು "ತಂದೆಯವರು ಹೇಗಿದ್ದಾರೆ?" ಎಂದು ಕೇಳುವ ನಾಲಗೆಯೇ ಕೂಲಿಯವರ ಮಗನನ್ನು "ನಿಮ್ಮಪ್ಪ ಎಲ್ಲಿ ಹೋದ?" ಎನ್ನುವದು. ಈ ಭೇದ ಮಾಡುವವರಲ್ಲಿ ಕಲಿತವರೇ ಹೆಚ್ಚೆಂದು ನನ್ನ ಅನುಭವ.

ಮುಧೋಳದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಹೊಸದಾಗಿ ಬಂದ ಹುಡುಗನೊಬ್ಬನನ್ನು "ನಿಮ್ಮ ತಾಯಿಯವರು ಎಲ್ಲಿ ಹೋಗಿದ್ದಾರೆ?" ಎಂದು ಕೇಳಿದೆನು. ಮಾತು ತನಗಲ್ಲವೆಂದು ಅವನು ಹಿಂದೆ ತಿರುಗಿ ನೋಡಿದನು. ಹಿಂದೆ ಯಾರೂ ಇರಲಿಲ್ಲ. ಆಮೇಲೆ ಕೈಕಟ್ಟಿ ಹೇಳಿದನು: "ಅವ್ವ ಕಬ್ಬಿನಾಗ ಕಳೆ ತಗ್ಯಾಕ ಹೋಗ್ಯಾಳ್ರಿ."