ಶಾಫ್ಟ್ ಯಾವ ಕಡೆ ತಿರುಗುತ್ತಿದೆ?

1999ರಲ್ಲಿ ಬೆಂಗಳೂರಿನ ಒಂದು ಲ್ಯಾಬಿಗೆ ಕೆಲಸಕ್ಕೆ ಸೇರಿದಾಗ ನನಗೆ ಸಿಕ್ಕಿದ್ದು ಒಂದು ಫೋರ್ಟ್ರಾನ್ ಪ್ರೋಗ್ರಾಂ ಮತ್ತು ಅದನ್ನು ಬರೆದ ಸಾರ್ ಅವರ ಪಕ್ಕದ ಕುರ್ಚಿ. ತಿರುಗುವ ಶಾಫ್ಟ್ ಯಾವ ವೇಗದಲ್ಲಿ ಹೇಗೆ ಕಂಪಿಸುತ್ತದೆ ಎಂದು ಲೆಕ್ಕ ಹಾಕುವ ಪ್ರೋಗ್ರಾಂ ಅದು. ಅದಕ್ಕೆ ಬೇಕಾದದ್ದನ್ನೆಲ್ಲ ಒಂದು ಫೈಲಿನಲ್ಲಿ ಕಾಲಂ ಎಣಿಸಿ ಬರೆಯಬೇಕಿತ್ತು: ವ್ಯಾಸ 21ರಿಂದ 30ನೇ ಕಾಲಂ ಒಳಗೆ, ಉದ್ದ 31ರಿಂದ 40ರ ಒಳಗೆ. ಪಂಚ್ ಕಾರ್ಡುಗಳ ಕಾಲ ಮುಗಿದು ಎಷ್ಟೋ ವರ್ಷಗಳಾಗಿದ್ದರೂ ಅವುಗಳ ಕಟ್ಟಳೆ ಆ ಫೈಲಿನೊಳಗೆ ಹಾಗೇ ಕೂತಿತ್ತು. ಒಂದು ಅಂಕಿ ಒಂದು ಕಾಲಂ ಆಚೆ ಸರಿದರೆ ಪ್ರೋಗ್ರಾಂ ತಪ್ಪು ಎನ್ನುತ್ತಿರಲಿಲ್ಲ. ಬೇರೆ ಯಾವುದೋ ಶಾಫ್ಟಿನ ಲೆಕ್ಕ ಮಾಡಿ ಕೊಡುತ್ತಿತ್ತು.

ಲೆಕ್ಕ ಮಾತ್ರ ಗಟ್ಟಿ. ಪಕ್ಕದ ಶೆಡ್ಡಿನಲ್ಲಿ ನಿಜವಾದ ಶಾಫ್ಟನ್ನು ತಿರುಗಿಸಿ, ಸೆನ್ಸರ್ ಇಟ್ಟು ಅಳೆದು, ಆ ಅಳತೆಗೆ ಈ ಲೆಕ್ಕವನ್ನು ಹೋಲಿಸಿ ಹೋಲಿಸಿ ಸಾರ್ ಅದನ್ನು ವರ್ಷಗಟ್ಟಲೆ ತಿದ್ದಿದ್ದರು. ಅಂಥದ್ದನ್ನು ಬೇರೆ ಭಾಷೆಯಲ್ಲಿ ಹೊಸದಾಗಿ ಬರೆಯೋಣ ಎನ್ನುವುದು ಹುಡುಗಾಟಿಕೆಯ ಮಾತು. ನನಗೆ ಬೇಕಿದ್ದದ್ದು ಇಷ್ಟೇ: 200 ಬೇರೆ ಬೇರೆ ವ್ಯಾಸಗಳನ್ನು ಸಾಲಾಗಿ ಕೊಟ್ಟು, ಬಂದ ಉತ್ತರ ನೋಡಿ, ಮುಂದೇನು ಎಂದು ಅಲ್ಲೇ ನಿರ್ಧರಿಸುವುದು. ಆ ವರ್ಷ ಪೈಥಾನ್ 1.5.2 ಬಂದಿತ್ತು. ಫೋರ್ಟ್ರಾನಿನ ಲೆಕ್ಕ ಹಾಗೇ ಇರಲಿ, ಅದನ್ನು ಪೈಥಾನ್‌ನಿಂದ ಕರೆಯುವ ಹಾಗಾಗಲಿ ಎಂದು ಕೂತೆ. ರ‍್ಯಾಪರ್ ಬರೆಯುವುದು ಎನ್ನುತ್ತಿದ್ದೆವು ಅದಕ್ಕೆ. ಅದೇ ನನ್ನ ಕಸುಬಾಯಿತು.

ಕೆಲಸದ ಸ್ವರೂಪ ಹೀಗಿತ್ತು. ಪೈಥಾನ್‌ನಲ್ಲಿ 0.05 ಎಂಬುದು ಬರೀ ಸಂಖ್ಯೆಯಲ್ಲ, ಒಂದು ಡಬ್ಬಿ. ಡಬ್ಬಿಯ ಮೇಲೆ ಅದು ಯಾವ ಜಾತಿಯದು, ಎಷ್ಟು ಜನ ಅದನ್ನು ಹಿಡಿದುಕೊಂಡಿದ್ದಾರೆ ಎಂದೆಲ್ಲ ಬರೆದಿರುತ್ತದೆ. ಫೋರ್ಟ್ರಾನ್‌ಗೆ ಡಬ್ಬಿ ಗೊತ್ತಿಲ್ಲ. ಅದು ಕೇಳುವುದು ಮೆಮೊರಿಯ ವಿಳಾಸವನ್ನು ಮಾತ್ರ. ಆದ್ದರಿಂದ ನಡುವೆ ಸಿ ಭಾಷೆಯಲ್ಲಿ ಒಂದು ಫಂಕ್ಷನ್ ಬೇಕು. ಅದು ಡಬ್ಬಿ ಬಿಚ್ಚಬೇಕು, ಒಳಗಿನದು ಸಂಖ್ಯೆಯೇ ಹೌದಾ ನೋಡಬೇಕು, ವಿಳಾಸ ಕೊಟ್ಟು ಫೋರ್ಟ್ರಾನನ್ನು ಕರೆಯಬೇಕು, ಬಂದದ್ದನ್ನು ಹೊಸ ಡಬ್ಬಿಗೆ ತುಂಬಿ ಕೊಡಬೇಕು. ಕರೆಯಬೇಕಾದ ಹೆಸರೂ ಬರೆದ ಹೆಸರಲ್ಲ. ಜಿ77 ಕಂಪೈಲರ್ ಪ್ರತಿ ಹೆಸರಿನ ಬಾಲಕ್ಕೆ ಒಂದು ಅಂಡರ್‌ಸ್ಕೋರ್ ಅಂಟಿಸುತ್ತಿತ್ತು, ಹೆಸರಿನಲ್ಲಿ ಮೊದಲೇ ಅಂಡರ್‌ಸ್ಕೋರ್ ಇದ್ದರೆ ಎರಡು. ಇದು ತಿಳಿಯುವ ಮೊದಲು ಎರಡು ದಿನ ಲಿಂಕರ್ ಮುಂದೆ ಕೂತಿದ್ದೆ.

ಈ ಬವಣೆ ನಮ್ಮೊಬ್ಬರದೇ ಆಗಿರಲಿಲ್ಲ. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದಲ್ಲಿ ಡೇವಿಡ್ ಬೀಜ್ಲಿ ಅವರಿಗೂ ಇಂಥದ್ದೇ ಗಂಟುಬಿದ್ದಿತ್ತು. ಅಣುಗಳ ಚಲನೆಯನ್ನು ಲೆಕ್ಕ ಹಾಕುವ ಅವರ ಸಿ ಪ್ರೋಗ್ರಾಮನ್ನು ಸ್ಕ್ರಿಪ್ಟಿನಿಂದ ಓಡಿಸಬೇಕಿತ್ತು. 1995ರಲ್ಲಿ ಅವರು ಸ್ವಿಗ್ ಎಂಬ ಸಾಧನವನ್ನು ಬರೆಯಲು ಶುರುಮಾಡಿದರು. ಸಿ ಫಂಕ್ಷನ್‌ಗಳ ಘೋಷಣೆಗಳನ್ನು ಒಂದು ಫೈಲಿನಲ್ಲಿ ಪಟ್ಟಿಮಾಡಿ ಕೊಟ್ಟರೆ ನಡುವಿನ ಫಂಕ್ಷನ್‌ಗಳನ್ನು ಅದೇ ಬರೆದು ಕೊಡುತ್ತದೆ. ನಮ್ಮ ಲ್ಯಾಬಿನಲ್ಲಿ ಸಿಯಲ್ಲಿದ್ದ ಭಾಗಗಳಿಗೆ ನಾನು ಅದನ್ನು ಹಿಡಿದೆ, ಮತ್ತು ತಿಂಗಳ ಕೆಲಸ ವಾರಕ್ಕಿಳಿಯಿತು. ಆದರೆ ‘ಡಬಲ್ ಸ್ಟಾರ್’ ಎಂದು ಘೋಷಣೆಯಲ್ಲಿದ್ದರೆ ಅದು ಒಂದೇ ಸಂಖ್ಯೆಯೋ, ಸಾವಿರ ಸಂಖ್ಯೆಗಳ ಸಾಲಿನ ತುದಿಯೋ? ಒಳಗೆ ಹೋಗುವುದೋ, ಹೊರಗೆ ಬರುವುದೋ? ಅದನ್ನು ಘೋಷಣೆ ಹೇಳುವುದಿಲ್ಲ, ಸ್ವಿಗ್‌ಗೂ ಗೊತ್ತಾಗುವುದಿಲ್ಲ. ನಾನು ಕುರ್ಚಿ ತಿರುಗಿಸಿ ಸಾರ್ ಅವರನ್ನು ಕೇಳಬೇಕಿತ್ತು.

ಒಂದು ಸಲ ಕೇಳದೆ ಮುಂದುವರಿದೆ. ಸಿಯಲ್ಲಿ ಮ್ಯಾಟ್ರಿಕ್ಸ್ ಮೆಮೊರಿಯಲ್ಲಿ ಕೂರುವುದು ಅಡ್ಡಸಾಲಿನಂತೆ, ಫೋರ್ಟ್ರಾನ್‌ನಲ್ಲಿ ಕಂಬಸಾಲಿನಂತೆ. ಅಡ್ಡ ಬರೆದದ್ದನ್ನು ಉದ್ದ ಓದಿದರೆ ಮ್ಯಾಟ್ರಿಕ್ಸ್ ಮಗುಚಿಕೊಳ್ಳುತ್ತದೆ. ನಾನು ಇದನ್ನು ಮರೆತೆ, ಪರೀಕ್ಷೆಗಳೆಲ್ಲ ಪಾಸಾದವು. ಪಾಸಾಗದೆ ಏನು? ಶಾಫ್ಟಿನ ತೂಕದ ಮ್ಯಾಟ್ರಿಕ್ಸ್, ಬಿಗುವಿನ ಮ್ಯಾಟ್ರಿಕ್ಸ್ ಎರಡೂ ಕರ್ಣದ ಆಚೆ ಈಚೆ ಒಂದೇ ಥರ ಇರುವಂಥವು. ಮಗುಚಿದರೂ ಅವು ಅವೇ. ತಿರುಗುವುದರಿಂದ ಹುಟ್ಟುವ ಗೈರೋಸ್ಕೋಪಿಕ್ ಮ್ಯಾಟ್ರಿಕ್ಸ್ ಹಾಗಲ್ಲ. ಅದನ್ನು ಮಗುಚಿದರೆ ಪ್ಲಸ್ಸೆಲ್ಲ ಮೈನಸ್ಸಾಗುತ್ತದೆ. ಎಂದರೆ ಶಾಫ್ಟ್ ಉಲ್ಟಾ ತಿರುಗಿದ ಲೆಕ್ಕ. ಹಾಗಾದರೂ ಕಂಪನದ ಆವರ್ತನಗಳು ಒಂದಿಷ್ಟೂ ಬದಲಾಗುವುದಿಲ್ಲ! ಬದಲಾಗುವುದು ಇನ್ನೊಂದು. ಬಾಗಿದ ಶಾಫ್ಟ್ ಸ್ಕಿಪ್ಪಿಂಗ್ ಹಗ್ಗದ ಹಾಗೆ ಸುತ್ತುವಾಗ ತಾನು ತಿರುಗುವ ಕಡೆಗೇ ಸುತ್ತುತ್ತದೋ, ವಿರುದ್ಧ ಕಡೆಗೋ ಎಂಬುದು.

ನಾನು ಮುದ್ರಿಸಿ ತಂದ ಕ್ಯಾಂಪ್‌ಬೆಲ್ ನಕ್ಷೆಯನ್ನು ಸಾರ್ ಮೇಜಿನ ಮೇಲೆ ಹರಡಿಕೊಂಡರು. ಅಡ್ಡಕ್ಕೆ ವೇಗ, ಉದ್ದಕ್ಕೆ ಆವರ್ತನ. ಪೆನ್ಸಿಲ್ ತುದಿ ಒಂದು ಗೆರೆಯ ಮೇಲೆ ನಿಂತಿತು.

“ಏನಮ್ಮಾ, ಇದು ಹಿಮ್ಮುಖ ಅಂತ ಬರ್ದಿದ್ಯಲ್ಲ. ವೇಗ ಏರ್ದಂಗೆ ಏರ್ತಾ ಹೋಗೋ ಗೆರೆ ಹಿಮ್ಮುಖ ಹೆಂಗಾಗತ್ತೆ?”

“ಪ್ರೋಗ್ರಾಂ ಹಂಗೇ ಕೊಟ್ಟಿದೆ ಸಾರ್.”

“ನನ್ನ ಪ್ರೋಗ್ರಾಂ ಹಂಗೆ ಕೊಡಲ್ಲ. ಮಧ್ಯದಲ್ಲಿ ನೀನೇನ್ ಮಾಡಿದ್ಯ ನೋಡು.”

ಇದು ಹೆಸರು ಅದಲುಬದಲಾದ ಸಣ್ಣ ವಿಷಯವಲ್ಲ. ಶಾಫ್ಟಿನಲ್ಲಿ ತೂಕ ಒಂದು ಕಡೆ ವಾಲಿದ್ದರೆ ಕೆರಳುವುದು ಮುಮ್ಮುಖ ಸುತ್ತು. ಅದನ್ನು ಹಿಮ್ಮುಖ ಎಂದು ಬರೆದರೆ, ಯಂತ್ರ ತಪ್ಪಿಸಿಕೊಳ್ಳಬೇಕಾದ ವೇಗಕ್ಕೆ ‘ಪರವಾಗಿಲ್ಲ’ ಎಂದು ಸಹಿ ಹಾಕಿದಂತೆ. ನಡುವಿನ ಹತ್ತು ಸಾಲು ಸಿ ಕೋಡಿನಲ್ಲಿ ಇಷ್ಟು ಅಡಗಿರುತ್ತದೆ ಎಂದು ಅಂದು ಮನದಟ್ಟಾಯಿತು. ಅವತ್ತಿನಿಂದ ನಾನು ಬರೆದ ಯಾವ ರ‍್ಯಾಪರಿಗೂ ಮೊದಲ ಪರೀಕ್ಷೆ ಮಗುಚಿದರೆ ಬದಲಾಗುವ ಮ್ಯಾಟ್ರಿಕ್ಸಿನದೇ.

ಇನ್ನೊಂದು ತಪ್ಪು ಹಿಡಿಯಲು ಮೂರು ವಾರ ಹಿಡಿಯಿತು. ಪೈಥಾನ್‌ನಲ್ಲಿ ‘ನನ್’ ಎಂಬ ವಸ್ತುವಿದೆ, ಏನೂ ಇಲ್ಲ ಎನ್ನುವುದಕ್ಕೆ. ಇಡೀ ಪ್ರೋಗ್ರಾಮಿಗೆ ಅದು ಒಂದೇ ಒಂದು. ಅದನ್ನೂ ಎಷ್ಟು ಜನ ಹಿಡಿದಿದ್ದಾರೆ ಎಂಬ ಎಣಿಕೆ ಇರುತ್ತದೆ. ಸಿ ಫಂಕ್ಷನ್ ಅದನ್ನು ಹಿಂದಿರುಗಿಸುವ ಮುನ್ನ ಎಣಿಕೆಯನ್ನು ಒಂದು ಏರಿಸಬೇಕು. ಪಡೆದವರು ಬಳಸಿ ಬಿಟ್ಟಾಗ ಅದು ಒಂದು ಇಳಿಯುತ್ತದೆ. ವೇಗ ನಿಗದಿ ಮಾಡುವ ನನ್ನ ಫಂಕ್ಷನ್ ಏರಿಸದೆ ಕೊಡುತ್ತಿತ್ತು. ಮದುವೆ ಮನೆಗೆ ತಂದ ಪಾತ್ರೆಯನ್ನು ಲೆಕ್ಕಕ್ಕೆ ಬರೆಸದೆ ಹಿಂದಿರುಗಿಸಿದಂತೆ, ಪ್ರತಿ ಕರೆಗೂ ಎಣಿಕೆಯಿಂದ ಒಂದು ಹೋಗುತ್ತಿತ್ತು. ಹಗಲಿನ ಸಣ್ಣ ಓಟಗಳಲ್ಲಿ ಏನೂ ಆಗುತ್ತಿರಲಿಲ್ಲ, ಪೈಥಾನ್ ಒಳಗೇ ಸಾವಿರಾರು ಕಡೆ ಅದನ್ನು ಹಿಡಿದಿರುತ್ತಾರಲ್ಲ. ರಾತ್ರಿ ಉದ್ದದ ಲೆಕ್ಕ ಹಚ್ಚಿ ಹೋದರೆ ಬೆಳಗ್ಗೆ ಬರುವಷ್ಟರಲ್ಲಿ ಎಣಿಕೆ ಸೊನ್ನೆ ಮುಟ್ಟಿ, ಪ್ರೋಗ್ರಾಂ ಬಿದ್ದು, ಡಿಸ್ಕಿನಲ್ಲಿ ಕೋರ್ ಫೈಲ್ ಕೂತಿರುತ್ತಿತ್ತು. ಬಿದ್ದ ಜಾಗಕ್ಕೂ ತಪ್ಪಿದ ಜಾಗಕ್ಕೂ ಸಂಬಂಧವೇ ಇಲ್ಲ. ಕೊನೆಗೆ ಕರೆಗಳನ್ನು ಎಣಿಸಿ, ಬೀಳುವ ಸಮಯ ಕರೆಗಳ ಸಂಖ್ಯೆಗೆ ಕಟ್ಟುಬಿದ್ದಿದೆ ಎಂದು ಕಂಡಾಗ ಕೈ ನಡುಗಿತು. ಸರಿಪಡಿಸಿದ್ದು ಒಂದು ಸಾಲು.

2004ರಲ್ಲಿ ಬಂದ ಪೈಥಾನ್ 2.4 ಇದಕ್ಕೆಂದೇ ಒಂದು ಮ್ಯಾಕ್ರೋ ಕೊಟ್ಟಿತು. 2023ರ ಪೈಥಾನ್ 3.12ರಲ್ಲಿ ನನ್ ಅಮರವಾಯಿತು, ಅದರ ಎಣಿಕೆ ಈಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ಸುದ್ದಿ ಓದಿದ ದಿನ ಮೂರು ವಾರದ ನಿದ್ದೆ ಮರಳಿ ಬಂದಷ್ಟು ಸಂತೋಷವಾಯಿತು ನನಗೆ.

ನಡುವಿನ ವರ್ಷಗಳಲ್ಲಿ ಸಾಧನಗಳು ಒಂದರ ಹಿಂದೊಂದು ಬಂದವು. ಫೋರ್ಟ್ರಾನ್‌ಗೆ ಎಫ್2ಪೈ ಬಂತು, ಅಂಡರ್‌ಸ್ಕೋರಿನ ಕಾಟ ತಪ್ಪಿತು. ಸಿ++ಗೆ ಬೂಸ್ಟ್ ಪೈಥಾನ್, ಬಹಳ ಆಮೇಲೆ 2015ರಲ್ಲಿ ಪೈಬೈಂಡ್11. ಪೈಥಾನಿನಂತೆ ಬರೆದು ಸಿಗೆ ಇಳಿಸಲು ಪೈರೆಕ್ಸ್, ಅದರಿಂದ 2007ರಲ್ಲಿ ಸೈಥಾನ್. ನ್ಯೂಮೆರಿಕ್, ನಮ್‌ಅರೇ ಎಂದು ಎರಡು ಮನೆಯಾಗಿದ್ದ ಸಂಖ್ಯಾಸಾಲುಗಳನ್ನು ಟ್ರಾವಿಸ್ ಒಲಿಫಾಂಟ್ ನಮ್‌ಪೈನಲ್ಲಿ ಒಂದು ಮಾಡಿದರು. ಇವೆಲ್ಲವುಗಳಲ್ಲಿ ನಮ್ಮ ಕಸುಬಿಗೆ ದೊಡ್ಡ ಉಪಕಾರ ಅದೇ ಎಂದು ನನ್ನ ಎಣಿಕೆ. ಯಾರ ಲೈಬ್ರರಿಯಾದರೂ ಸಾಲು ಅಡ್ಡವೋ ಉದ್ದವೋ ಎಂದು ಕೇಳಿ ತಿಳಿಯಬಹುದಾದ ಒಂದು ರೂಪ ಸಿಕ್ಕಿತು. ಐಐಟಿ ಬಾಂಬೆಯ ಪ್ರಭು ರಾಮಚಂದ್ರನ್ ಅವರ ಮೇಯಾವಿಯಲ್ಲಿ ನಮ್ಮ ಶಾಫ್ಟುಗಳು ಬಾಗುವುದನ್ನು ಪರದೆಯ ಮೇಲೆ ನೋಡಿದೆವು. ಅದರ ತಳದಲ್ಲಿರುವ ವಿಟಿಕೆ ಎಂಬ ದೊಡ್ಡ ಸಿ++ ಲೈಬ್ರರಿಗೂ ಪೈಥಾನ್‌ಗೂ ನಡುವಿನ ರ‍್ಯಾಪರುಗಳನ್ನು ಯಂತ್ರವೇ ಬರೆಯುತ್ತದೆ. 2009ರಲ್ಲಿ ಮೊದಲ ಪೈಕಾನ್ ಇಂಡಿಯಾ ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ನಡೆದಾಗ, ಇದೇ ಕಸುಬಿನವರು ಊರಲ್ಲಿ ಇಷ್ಟು ಜನ ಇದ್ದಾರಾ ಎಂದು ನೋಡುತ್ತ ನಿಂತಿದ್ದೆ.

ಸಿಟೈಪ್ಸ್ ಬಂದದ್ದು 2006ರಲ್ಲಿ, ಪೈಥಾನ್ 2.5ರ ಜೊತೆ. ಕಂಪೈಲರೇ ಬೇಡ. ತಯಾರಾದ ಲೈಬ್ರರಿ ಫೈಲನ್ನು ತೆರೆದು ಪೈಥಾನ್‌ನಿಂದಲೇ ನೇರ ಕರೆಯಬಹುದು. ಆದರೆ ಫಂಕ್ಷನ್ ಏನು ಹಿಂದಿರುಗಿಸುತ್ತದೆ ಎಂದು ನೀವು ಹೇಳದಿದ್ದರೆ ಅದು ಇಂಟ್ ಎಂದುಕೊಳ್ಳುತ್ತದೆ. 32 ಬಿಟ್ ಯಂತ್ರದಲ್ಲಿ ವಿಳಾಸವೂ ಇಂಟೂ ಒಂದೇ ಅಳತೆ, ನಡೆಯಿತು. 64 ಬಿಟ್ಟಿನ ಲಿನಕ್ಸ್ ಯಂತ್ರ ಬಂದಾಗ ವಿಳಾಸದ ಮೇಲಿನ ಅರ್ಧ ಕತ್ತರಿಸಿಹೋಯಿತು. ವಿಚಿತ್ರವೆಂದರೆ ಚಿಕ್ಕ ಫೈಲು ಓದಿಸಿದರೆ ಸರಿಯಾಗೇ ಬರುತ್ತಿತ್ತು, ದೊಡ್ಡದಕ್ಕೆ ಸೆಗ್‌ಫಾಲ್ಟ್. ಸಣ್ಣ ತುಂಡು ಮೆಮೊರಿ ಕೆಳಗಿನ ವಿಳಾಸಗಳಲ್ಲಿ ಸಿಗುತ್ತಿತ್ತು, ಅರ್ಧ ಕಡಿದರೂ ಕಡಿದದ್ದು ಸೊನ್ನೆ ಮಾತ್ರ. ದೊಡ್ಡ ತುಂಡು ಬರುತ್ತಿದ್ದದ್ದು ಬಹಳ ಮೇಲಿಂದ.

ಕನ್ನಡವೂ ಈ ದಾರಿಯಲ್ಲಿ ಒಮ್ಮೆ ಸಿಕ್ಕಿತು. ಶಾಲೆ ಮಕ್ಕಳು ಲ್ಯಾಬ್ ನೋಡಲು ಬರುವ ದಿನಕ್ಕೆಂದು ನಕ್ಷೆಯ ಶೀರ್ಷಿಕೆಯನ್ನು ‘ಶಾಫ್ಟ್’ ಎಂದು ಕನ್ನಡದಲ್ಲೇ ಕೊಟ್ಟೆ. ಸಾರ್ ಅವರ ಫೋರ್ಟ್ರಾನ್ ಶೀರ್ಷಿಕೆಗೆ ಇಟ್ಟ ಜಾಗ 16 ಬೈಟ್. ಕಣ್ಣಿಗೆ ಆ ಪದ ಎರಡು ಅಕ್ಷರ. ಪೈಥಾನ್ 3ಕ್ಕೆ ಆರು: ಶ, ದೀರ್ಘ, ಫ, ಅರ್ಧಾಕ್ಷರದ ಗುರುತು, ಟ, ಮತ್ತೆ ಅದೇ ಗುರುತು. ಯುಟಿಎಫ್-8ರಲ್ಲಿ ಒಂದೊಂದಕ್ಕೆ ಮೂರರಂತೆ ಹದಿನೆಂಟು ಬೈಟ್. ಫೋರ್ಟ್ರಾನ್ ಹದಿನಾರಕ್ಕೆ ಕತ್ತರಿ ಹಾಕಿತು, ಕೊನೆಯ ಗುರುತಿನ ಮೂರರಲ್ಲಿ ಒಂದು ಬೈಟ್ ಮಾತ್ರ ಉಳಿಯಿತು. ಅದನ್ನು ಹಿಂದಕ್ಕೆ ಓದಲು ಹೋಗಿ ಪೈಥಾನ್ ಎರರ್ ಕೊಟ್ಟಿತು. ಜಾಗವನ್ನು ದೊಡ್ಡದು ಮಾಡಿದೆ. ಆ ಮಕ್ಕಳು ತಮ್ಮ ಅಕ್ಷರದಲ್ಲಿ ಶೀರ್ಷಿಕೆ ಓದಿದರು.

ನಿಜವಾಗಿ ಲೋಕ ಬದಲಾದದ್ದು ಬರೆಯುವ ಕಡೆಗಿಂತ ಹಂಚುವ ಕಡೆ. ಮೊದಲೆಲ್ಲ ಲೈಬ್ರರಿ ಬೇಕಾದವರು ತಮ್ಮ ಯಂತ್ರದಲ್ಲೇ ಕಂಪೈಲ್ ಮಾಡಿಕೊಳ್ಳಬೇಕಿತ್ತು. ವಿಂಡೋಸಿನವರಿಗೆ ವಿಸಿವಾರ್ಸ್‌ಆಲ್ ಬ್ಯಾಟ್ ಫೈಲ್ ಸಿಗುತ್ತಿಲ್ಲ ಎಂಬ ಒಂದೇ ಉತ್ತರ. ಎಂಜಿನಿಯರಿಂಗ್ ಕಾಲೇಜಿನ ಹುಡುಗರು ಆ ಒಂದು ಸಾಲಿಗೆ ಹೆದರಿ ಪೈಥಾನನ್ನೇ ಕೈಬಿಟ್ಟದ್ದನ್ನು ಕಂಡಿದ್ದೇನೆ. ಕ್ಯಾಲಿಫೋರ್ನಿಯಾದ ಅರ್ವೈನ್ ವಿಶ್ವವಿದ್ಯಾಲಯದಲ್ಲಿದ್ದ ಕ್ರಿಸ್ಟೋಫ್ ಗೋಲ್ಕೆ ನೂರಾರು ಲೈಬ್ರರಿಗಳನ್ನು ವಿಂಡೋಸಿಗೆ ಕಂಪೈಲ್ ಮಾಡಿ ವರ್ಷಾನುಗಟ್ಟಲೆ ಉಚಿತವಾಗಿ ಇಟ್ಟರು. ಎಷ್ಟು ಜನರ ಪ್ರಾಜೆಕ್ಟ್ ಆ ಒಬ್ಬ ಮನುಷ್ಯನಿಂದ ಮುಗಿಯಿತೋ! ಆಮೇಲೆ ವೀಲ್ ಎಂಬ ಕಟ್ಟು ಬಂತು. ಲಿನಕ್ಸಿಗೆ 2016ರಲ್ಲಿ ಮೆನಿಲಿನಕ್ಸ್ ಬಂತು. ಆಗ ಅದರ ಉಪಾಯ ಸರಳವಾಗಿತ್ತು: ಬಹಳ ಹಳೆಯ ಸೆಂಟ್‌ಓಎಸ್ 5ರ ಮೇಲೆ ಕಟ್ಟಿದರೆ ಅದಕ್ಕಿಂತ ಹೊಸ ಯಂತ್ರಗಳಲ್ಲೆಲ್ಲ ಓಡುತ್ತಿತ್ತು. ಈಗ ಪಿಪ್ ಇನ್‌ಸ್ಟಾಲ್ ಎಂದರೆ ಫೋರ್ಟ್ರಾನ್, ಸಿ ಎಲ್ಲ ಸೇರಿ ಹತ್ತು ಸೆಕೆಂಡಿನಲ್ಲಿ ಬಂದು ಕೂರುತ್ತದೆ. ನಮ್ಮ ಲ್ಯಾಬಿಗೆ ಬರುವ ಹೊಸಬರು ನಡುವಿನ ಪದರವನ್ನು ನೋಡಿಯೇ ಇರುವುದಿಲ್ಲ. ನೋಡಬೇಕಾಗಿಲ್ಲ ಎನ್ನುವುದು ನಮ್ಮಂಥವರ ದುಡಿಮೆಗೆ ಬಂದ ಫಲವೇ. ಆದರೂ ಆ ಪದರಕ್ಕೆ ಒಬ್ಬರಾದರೂ ವಾರಸುದಾರರು ಇರಬೇಕೆಂದು ಒಬ್ಬಳು ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ.

ಹೋದ ವರ್ಷ ಪೈಥಾನ್ 3.12ಕ್ಕೆ ಹೋಗುವಾಗ ಕಟ್ಟುವ ಹಳೆಯ ಸಾಧನವಾದ ಡಿಸ್ಟ್‌ಯುಟಿಲ್ಸ್ ತೆಗೆದುಬಿಟ್ಟಿದ್ದರಿಂದ ಎಫ್2ಪೈ ಕಟ್ಟುವ ಕ್ರಮವನ್ನೆಲ್ಲ ಹೊಸ ಸಾಧನ ಮೆಸಾನ್‌ಗೆ ಬದಲಿಸಬೇಕಾಯಿತು. ಅವಳೇ ಬದಲಿಸಿದಳು. ಸಾರ್ ಅವರ ಫೋರ್ಟ್ರಾನಿನ ಒಂದು ಸಾಲನ್ನೂ ಮುಟ್ಟಲಿಲ್ಲ. ವೀಲ್ ತಯಾರಾದ ಸಂಜೆ ಮೊದಲ ಪರೀಕ್ಷೆ ಓಡಿಸಿ, ನಕ್ಷೆಯನ್ನು ಫೋನಿನಲ್ಲಿ ಮೈಸೂರಿಗೆ ಕಳಿಸಿದೆವು. ಸಾರ್ ನಿವೃತ್ತರಾಗಿ ಅಲ್ಲಿದ್ದಾರೆ, ಕಣ್ಣು ಮಂದವಾಗಿದೆ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

“ಗೆರೆ ಸರಿಯಾಗಿ ಕಾಣಲ್ಲಮ್ಮಾ. ಏರ್ತಿರೋದಕ್ಕೆ ಏನಂತ ಬರ್ದಿದೆ?”

ಹುಡುಗಿಯ ಕೈಗೆ ಫೋನ್ ಕೊಟ್ಟೆ. ಅವಳು ಪರದೆಯ ಹತ್ತಿರ ಬಾಗಿ, ಗೆರೆಯ ಮೇಲೆ ಬೆರಳಿಟ್ಟು ಓದಿದಳು: “ಮುಮ್ಮುಖ, ಸಾರ್.”