ಬಾರದ ಗುಮ್ಮನಿಗೆ ಕಟ್ಟಿದ ಕೋಟೆಗಳು

ಏಡ್ರಿಯಾಟಿಕ್ ಕಡಲಂಚಿನ ದುರ್ರೆಸ್ ರೇವಿನಲ್ಲಿಳಿದು ಅಲ್ಬೇನಿಯದ ರಾಜಧಾನಿ ತಿರಾನದತ್ತ ಹೊರಟ ಪ್ರವಾಸಿಗನಿಗೆ ಒಂದು ವಿಚಿತ್ರ ದೃಶ್ಯ ಕಾದಿರುತ್ತದೆ. ದ್ರಾಕ್ಷಿತೋಟದ ನಡುವೆ, ಮರಳದಂಡೆಯ ಮೇಲೆ, ಸ್ಮಶಾನದ ಮಗ್ಗುಲಲ್ಲಿ, ಮಳೆಗಾಲದ ನಾಯಿಕೊಡೆಗಳಂತೆ ಕಾಂಕ್ರೀಟಿನ ಗುಮ್ಮಟಗಳು ತಲೆಯೆತ್ತಿವೆ. ಒಬ್ಬಿಬ್ಬರು ಸೈನಿಕರು ಮುದುರಿ ನಿಲ್ಲುವಷ್ಟೇ ಒಳಗಿನ ಜಾಗ; ಬಂದೂಕು ಚಾಚಲು ಒಂದು ಸೀಳುಗಂಡಿ. ಇಂತಹ ಬಂಕರುಗಳು 1,70,000ಕ್ಕೂ ಮಿಕ್ಕಿದ್ದುವೆಂಬುದು ರೂಢಿಯ ಲೆಕ್ಕ. ಎಷ್ಟೋ ಒಡೆದುಹೋದ ಮೇಲೂ ಅವು ಕಣ್ಣು ತಪ್ಪಿಸುವಂತಿಲ್ಲ.

1944ರಿಂದ 1985ರಲ್ಲಿ ಸಾಯುವವರೆಗೂ ಈ ನಾಡನ್ನಾಳಿದ ಎನ್ವರ್ ಹೋಜನು ಜನರ ಭಯವನ್ನು ಬರಿಗೈಯಿಂದ ಸೃಷ್ಟಿಸಲಿಲ್ಲ. 1939ರ ಏಪ್ರಿಲ್ 7ರಂದು ಮುಸೊಲಿನಿಯ ಸೇನೆ ಇಳಿದದ್ದು ಇದೇ ದುರ್ರೆಸಿನಲ್ಲಿ. ಅದನ್ನು ಕಂಡ ಕಣ್ಣುಗಳಿಗೆ ಶತ್ರು ಬರುವನೆಂದರೆ ನಂಬಲು ಕಷ್ಟವೇನು? ನಿಜವಾದ ಆ ಗಾಯವನ್ನು ಆರಗೊಡದಿರುವುದೇ ಹೋಜನ ರಾಜನೀತಿಯಾಯಿತು. ಮೊದಲು, 1948ರಲ್ಲಿ, ಯುಗೋಸ್ಲಾವಿಯ ವೈರಿ, 1961ರಲ್ಲಿ ಸೋವಿಯತ್ ದೇಶ, 1978ರಲ್ಲಿ ಚೀಣ. ನೆಚ್ಚಿನ ನಂಟರೊಬ್ಬೊಬ್ಬರೂ ಸರದಿಯಂತೆ ಗುಮ್ಮನಾದರು. 1968ರಲ್ಲಿ ಸೋವಿಯತ್ ಪಡೆಗಳು ಚೆಕೊಸ್ಲೊವಾಕಿಯವನ್ನು ಹೊಕ್ಕಾಗ ಅಲ್ಬೇನಿಯವು ವಾರ್ಸಾ ಒಕ್ಕೂಟವನ್ನು ತೊರೆಯಿತು. ಮುಂದಿನ ವರ್ಷಗಳಲ್ಲಿ ಬಂಕರುಗಳ ಬೆಳೆ ಹುಲುಸಾಯಿತು. ಆಕಾಶದಿಂದ ಇಳಿಯಬಹುದಾದ ಛತ್ರಿಸೈನಿಕರನ್ನು ಇರಿಯಲೆಂದು ದ್ರಾಕ್ಷಿಯ ಚಪ್ಪರದ ಕಂಬಗಳಿಗೆ ಚೂಪಾದ ಕಬ್ಬಿಣದ ಮೊನೆಗಳನ್ನು ಸಹ ಕೂಡಿಸಿದರು! ಶಾಲೆಯ ಹುಡುಗ ಹುಡುಗಿಯರಿಗೂ ಬಂದೂಕಿನ ಕವಾಯತು ನಡೆಯಿತು.

ಮನೆ ಕಟ್ಟಲು ಬೇಕಾದ ಸಿಮೆಂಟು ಕಬ್ಬಿಣಗಳೆಲ್ಲ ಮಣ್ಣುಪಾಲಾಗುತ್ತಿದ್ದರೂ ಶತ್ರುವೆಲ್ಲಿ ಎಂದು ಕೇಳುವಂತಿರಲಿಲ್ಲ. ಕೇಳಿದವನೇ ಶತ್ರುವಿನ ಕಡೆಯವನು. ಸಿಗುರಿಮಿ ಎಂಬ ಗುಪ್ತ ಪೋಲೀಸರ ಕಿವಿ ಊರೂರಿಗೂ ಚಾಚಿತ್ತು. ರಕ್ಷಣಾ ಸಚಿವನಾಗಿದ್ದ ಬೆಕಿರ್ ಬಲ್ಲುಕುವನ್ನೇ 1974ರಲ್ಲಿ ಪದವಿಯಿಂದಿಳಿಸಿ, ದ್ರೋಹಿಯೆಂದು ಸಾರಿ, ಮರುವರ್ಷ ಗುಂಡಿಕ್ಕಿ ಕೊಂದರು. ಬಂಕರುಗಳ ವಿನ್ಯಾಸ ಮಾಡಿದ ಎಂಜಿನಿಯರ್ ಯೋಸಿಫ್ ಜಗಾಲಿಗೆ ದೊರೆತ ಬಹುಮಾನವೂ ಸೆರೆಮನೆಯೇ.

ತಿರಾನದ ಬ್ಲೋಕು ಬಡಾವಣೆ ಅಂದು ನಾಯಕರ ವಾಸಸ್ಥಾನ, ಸಾಮಾನ್ಯರಿಗೆ ಪ್ರವೇಶವಿರಲಿಲ್ಲ. ಇಂದು ಅಲ್ಲಿ ಕಾಫಿ ಅಂಗಡಿಗಳ ಗದ್ದಲ. ಬಡಾವಣೆಯ ಬಾಗಿಲಲ್ಲಿ ಸ್ಮಾರಕವಾಗಿ ಒಂದು ಪುಟ್ಟ ಬಂಕರನ್ನೂ ಬರ್ಲಿನ್ ಗೋಡೆಯ ತುಂಡೊಂದನ್ನೂ ಇಟ್ಟಿದ್ದಾರೆ. ನಗರದ ಚೌಕದಲ್ಲಿದ್ದ ಹೋಜನ ಪ್ರತಿಮೆಯನ್ನು ಜನರು 1991ರ ಫೆಬ್ರವರಿಯಲ್ಲಿ ಹಗ್ಗ ಕಟ್ಟಿ ಕೆಡವಿದರು.

ಊರಾಚೆ, ದಾಯ್ತಿ ಬೆಟ್ಟದ ತಪ್ಪಲಿನಲ್ಲಿ, ನಾಯಕನಿಗೂ ಅವನ ಪರಿವಾರಕ್ಕೂ ಅಗೆದ ಪಾತಾಳಭವನವಿದೆ: ಐದು ಅಂತಸ್ತು, ನೂರಕ್ಕೂ ಹೆಚ್ಚು ಕೋಣೆಗಳು, ಒಂದು ಸಭಾಮಂದಿರ. 2014ರಲ್ಲಿ ಅದು ಬಂಕ್‌ಆರ್ಟ್ ಎಂಬ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಚೀಟಿ ಕೊಂಡವರು ಭಾರಿ ಕಾಂಕ್ರೀಟು ಬಾಗಿಲುಗಳನ್ನು ದಾಟಿ ಹೋಜನ ಕೋಣೆಯನ್ನೂ ನೋಡಬಹುದು. ಅವನು ಹೇಳುತ್ತಿದ್ದ ಯುದ್ಧ ಮಾತ್ರ ಬರಲೇ ಇಲ್ಲ. ಪೇಟೆಯ ಅಂಗಡಿಗಳಲ್ಲಿ ಈಗ ಬಂಕರಿನ ಆಕಾರದ ಬೂದಿಬಟ್ಟಲುಗಳು ಮಾರಾಟಕ್ಕಿವೆ.